ಗಾಳಿಯನ್ನು ಅಲಕ್ಷಿಸಬೇಕೆ?

ಭೌತವಿಜ್ಞಾನದ ವಿಷಯದಲ್ಲಿ ಕನ್ನಡ ಪಂಡಿತನೊಬ್ಬನು ಲೇಖನಿ ಹಿಡಿಯುವುದು ಅಧಿಕಪ್ರಸಂಗವೆಂದು ಕೆಲವು ವಾಚಕರಿಗೆ ತೋರಬಹುದು. ಆದರೆ ಬೀಳುವ ಕಾಯಗಳ ಪಾಠದಲ್ಲಿ ಬರುವ ‘ಅಲಕ್ಷಿಸು’ ಎಂಬ ಕ್ರಿಯಾಪದವು ನನ್ನ ಶಾಸ್ತ್ರಕ್ಕೂ ಸೇರಿದ್ದು. ಗಾಳಿಯ ಪ್ರತಿರೋಧವನ್ನು ಅಲಕ್ಷಿಸಿದರೆ ಎಲ್ಲ ಕಾಯಗಳೂ ಸಮಾನ ವೇಗೋತ್ಕರ್ಷದಿಂದ ಬೀಳುತ್ತವೆಂದು ಬಾಲಕರು ಕಂಠಪಾಠ ಮಾಡುತ್ತಾರೆ. ಮಾತಿನ ಪೂರ್ವಾರ್ಧವು ಬೇಗನೆ ಜಾರಿಹೋಗಿ ಉತ್ತರಾರ್ಧವೊಂದೇ ನಾಲಗೆಯಲ್ಲಿ ನಿಲ್ಲುತ್ತದೆ. ಅದೇ ಬಾಲಕನು ಮಾವಿನಕಾಯಿ ದೊಪ್ಪನೆ ಬೀಳುವುದನ್ನೂ ಮಾವಿನೆಲೆ ತೂಗಾಡುತ್ತ ಇಳಿಯುವುದನ್ನೂ ಕಂಡವನೇ. ಕಣ್ಣು ಹೇಳುವುದು ಒಂದು, ಪುಸ್ತಕ ಹೇಳುವುದು ಇನ್ನೊಂದು. ಅಂಕಗಳು ಮಾತ್ರ ಪುಸ್ತಕದ ಪಾಲಿಗೆ. ಪ್ರತ್ಯಕ್ಷವನ್ನು ನಂಬಬಾರದೆಂಬುದನ್ನು ವಿಜ್ಞಾನದ ತರಗತಿಯಲ್ಲಿಯೇ ಕಲಿಯುವಂತಾದುದು ವಿಷಾದಕರ.

ಈ ಶಾಸ್ತ್ರಕ್ಕೆ ತಳಹದಿ ಹಾಕಿದವರು ಗಾಳಿಯನ್ನು ಹೀಗೆ ಉಪೇಕ್ಷಿಸಿದವರಲ್ಲ. ಪೀಸಾ ಗೋಪುರದಿಂದ ಗೆಲಿಲಿಯೋ ಗುಂಡುಗಳನ್ನು ಕೆಡವಿದ ಕಥೆ ಅವನ ಶಿಷ್ಯ ವಿವಿಯಾನಿಯ ಬರವಣಿಗೆಯಿಂದ ಬಂದುದು. ಅದು ನಡೆದುದೇ ಎಂಬಲ್ಲಿ ಇತಿಹಾಸಕಾರರಿಗೆ ಸಂಶಯವುಂಟು. ಅದಕ್ಕಿಂತ ಗಟ್ಟಿಯಾದ ಆಧಾರ ಸೈಮನ್ ಸ್ಟೆವಿನ್ 1586ರಲ್ಲಿ ಪ್ರಕಟಿಸಿದ ವರದಿ. ಒಂದು ಇನ್ನೊಂದಕ್ಕಿಂತ ಹತ್ತು ಪಟ್ಟು ಭಾರವಾದ ಎರಡು ಸೀಸದ ಗುಂಡುಗಳನ್ನು ಮೂವತ್ತು ಅಡಿ ಎತ್ತರದಿಂದ ಹಲಗೆಯ ಮೇಲೆ ಕೆಡವಿದಾಗ ಎರಡರ ಸದ್ದೂ ಒಂದೇ ಸದ್ದಾಗಿ ಕೇಳಿತು. 1638ರ ತನ್ನ ಗ್ರಂಥದಲ್ಲಿ ಗೆಲಿಲಿಯೋ ಭಾರದ ಗುಂಡು ಎರಡು ಅಂಗುಲದಷ್ಟು ಮುಂದಾಗಬಹುದೆಂದು ಸ್ಪಷ್ಟವಾಗಿ ಒಪ್ಪಿ, ಅಂತಹ ಭೇದಕ್ಕೆ ಕಾರಣವನ್ನು ಮಾಧ್ಯಮದಲ್ಲಿ ಹುಡುಕಿದನು. ಆ ಎರಡು ಅಂಗುಲವನ್ನು ಅವನು ಮರೆಮಾಚಲಿಲ್ಲ; ಅವನ ಹಿರಿಮೆ ಇರುವುದು ಇಲ್ಲಿಯೇ. 1971ರ ಆಗಸ್ಟ್ 2ರಂದು ಡೇವಿಡ್ ಸ್ಕಾಟ್ ನಿರ್ವಾತವಾದ ಚಂದ್ರನ ನೆಲದಲ್ಲಿ ಸುತ್ತಿಗೆಯನ್ನೂ ಗಿಡುಗನ ಗರಿಯನ್ನೂ ಒಟ್ಟಿಗೆ ಬಿಟ್ಟಾಗ ಅವು ಒಟ್ಟಿಗೇ ನೆಲ ಮುಟ್ಟಿದವು.

ನಮ್ಮ ಶಾಲೆಗಳಿಗೆ ಚಂದ್ರಲೋಕ ಬೇಡ, ಹಳೆಯ ವೃತ್ತಪತ್ರಿಕೆ ಸಾಕು. ಒಂದೇ ಅಳತೆಯ ಎರಡು ಹಾಳೆಗಳಲ್ಲಿ ಒಂದನ್ನು ಉಂಡೆಮಾಡಿ, ಇನ್ನೊಂದನ್ನು ಹರಡಿ, ಒಟ್ಟಿಗೆ ಬಿಡಲಿ. ತೂಕ ಎರಡಕ್ಕೂ ಒಂದೇ, ಆದರೂ ಉಂಡೆ ಮೊದಲು ಬೀಳುತ್ತದೆ. ಭಾರವಾದುದೇ ಬೇಗ ಬೀಳುವುದೆಂಬ ಭ್ರಮೆ ಅಲ್ಲಿಗೆ ಮುಗಿಯಿತು. ಅನಂತರ ದಪ್ಪ ಪುಸ್ತಕದ ಮೇಲೆ ಅದಕ್ಕಿಂತ ಕಿರಿದಾದ ಕಾಗದದ ಚೂರನ್ನಿಟ್ಟು ಪುಸ್ತಕವನ್ನು ಮಟ್ಟಸವಾಗಿ ಬಿಡಲಿ. ಗಾಳಿಯನ್ನು ಪುಸ್ತಕ ಸೀಳಿದುದರಿಂದ ಕಾಗದವೂ ಜೊತೆಯಲ್ಲಿಯೇ ಇಳಿಯುತ್ತದೆ.

ಮೂರನೆಯದು ಎಲ್ಲಕ್ಕಿಂತ ಸೊಗಸಾದುದು. ವೃತ್ತಪತ್ರಿಕೆಯಿಂದ ಅಗಲ ತಳದ ಐದು ಸಮಾನ ದೊನ್ನೆಗಳನ್ನು ಮಾಡಬೇಕು. ನಾಲ್ಕನ್ನು ಒಂದರೊಳಗೊಂದು ಸೇರಿಸಿದರೆ ಗಾಳಿಗೆ ಎದುರಾಗುವ ಅಗಲ ಹೆಚ್ಚದು, ತೂಕ ಮಾತ್ರ ನಾಲ್ಮಡಿಯಾಗುತ್ತದೆ. ಒಂಟಿ ದೊನ್ನೆಯನ್ನು ಎರಡು ಮೀಟರಿನಿಂದ, ನಾಲ್ಕರ ಜೋಡಣೆಯನ್ನು ಮಹಡಿಯ ಮೊಗಸಾಲೆಯಲ್ಲಿ ನಾಲ್ಕು ಮೀಟರಿನಿಂದ, ತಳ ಕೆಳಗಾಗಿ, ಏಕಕಾಲದಲ್ಲಿ ಬಿಟ್ಟರೆ ಎರಡೂ ಬಹುಮಟ್ಟಿಗೆ ಒಟ್ಟಿಗೆ ನೆಲ ಸೇರುತ್ತವೆ. ಗಾಳಿಯ ರೋಧವು ಇಲ್ಲಿ ವೇಗದ ವರ್ಗಕ್ಕನುಗುಣವಾಗಿ ಹೆಚ್ಚುತ್ತ ಹೋಗಿ ತೂಕಕ್ಕೆ ಸಮನಾದೊಡನೆ ವೇಗ ಸ್ಥಿರಗೊಳ್ಳುತ್ತದೆ. ನಾಲ್ಮಡಿ ತೂಕವನ್ನು ಸರಿದೂಗಿಸಲು ಇಮ್ಮಡಿ ವೇಗ ಬೇಕು. ಆರಂಭದಲ್ಲಿ ವೇಗ ಕೂಡಲು ಹಿಡಿಯುವ ಹೊತ್ತಿನಿಂದ ನಾಲ್ಕರ ಜೋಡಣೆ ಕೊಂಚ ಹಿಂದೆ ಬೀಳಬಹುದು. ಆ ಕೊಂಚವೇಕೆ ಎಂದು ಕೇಳುವ ಹುಡುಗಿ ಆ ತರಗತಿಯ ಭಾಗ್ಯ.

ವಿಜ್ಞಾನವೆಲ್ಲ ನಮ್ಮ ಪ್ರಾಚೀನರಲ್ಲಿ ಮೊದಲೇ ಇತ್ತೆಂದು ಸಭೆಗಳಲ್ಲಿ ಘೋಷಿಸುವವರು ನನ್ನಂತಹ ವಿದ್ವಾಂಸರಿಂದ ಸಮರ್ಥನೆ ನಿರೀಕ್ಷಿಸುವುದುಂಟು. ವೈಶೇಷಿಕರು ಮೊದಲ ಪತನಕ್ಕೆ ಗುರುತ್ವವನ್ನೂ ಅನಂತರದ ಪತನಕ್ಕೆ ವೇಗವನ್ನೂ ಕಾರಣವಾಗಿ ಹೇಳಿದ್ದು ನಿಜ. ಸೂಕ್ಷ್ಮವಾದ ವಿವೇಚನೆಯೂ ಹೌದು. ಆದರೆ ಅದು ನ್ಯೂಟನ್ನನ ಸಿದ್ಧಾಂತವಲ್ಲ, ಅಳತೆಯನ್ನು ಅವರು ಮಾಡಲಿಲ್ಲ. ಇಲ್ಲದ ಕೀರ್ತಿಯನ್ನು ಹೊರಿಸುವುದರಿಂದ ಪೂರ್ವಸೂರಿಗಳಿಗೆ ಗೌರವ ಸಲ್ಲದು.

ಇನ್ನು ಪ್ರಯೋಗದ ದಾಖಲೆಪುಸ್ತಕಗಳ ವಿಷಯ. ಒಂದು ಶಾಲೆಯಲ್ಲಿ ಅವನ್ನು ತಿರುವಿಹಾಕಿದಾಗ ಗುರುತ್ವದ ವೇಗೋತ್ಕರ್ಷವು ಎಲ್ಲ ವಿದ್ಯಾರ್ಥಿಗಳಿಗೂ 9.8 ಎಂದೇ ಸಿದ್ಧಿಸಿತ್ತು. ಎರಡು ಮೀಟರಿನ ಪತನಕ್ಕೆ ನಿರ್ವಾತದಲ್ಲಿಯೂ ಸುಮಾರು 0.64 ಸೆಕೆಂಡು ಮಾತ್ರ. ಕೈಗಡಿಯಾರದಿಂದ ಅದನ್ನು ಅಷ್ಟು ನಿಖರವಾಗಿ ಅಳೆಯುವುದು ಎಳೆಯರಿಗೆ ಹೇಗೆ ಸಾಧ್ಯ? ಉತ್ತರವನ್ನು ಮೊದಲು ಬರೆದು ಅಳತೆಯನ್ನು ಆಮೇಲೆ ತುಂಬಿದ್ದಾರೆ. ಬಾಲಕರಿಗಿಂತ ಹೆಚ್ಚಾಗಿ, ಭಿನ್ನ ಉತ್ತರಕ್ಕೆ ಅಂಕ ಕಳೆಯುವ ನಾವೇ ಇದಕ್ಕೆ ಹೊಣೆ. 9.1 ಬರೆದು ಕಾರಣ ವಿವರಿಸಿದವನಿಗೆ ಪೂರ್ಣ ಅಂಕ ಸಲ್ಲಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಪ್ರಯೋಗಶಾಲೆಗೆ ಉದಾರವಾಗಿ ನೆರವು ನೀಡುವ ಮಹನೀಯರಲ್ಲಿಯೂ ಒಂದು ವಿಜ್ಞಾಪನೆ: ನಿರ್ವಾತ ಪಂಪನ್ನು ಕೊಡಿಸಿದರೆ ಸಂತೋಷ, ಆದರೆ ಅದು ಬೀರುವಿನಲ್ಲಿ ಬೀಗಮುದ್ರೆಯೊಳಗೆ ಉಳಿಯದಂತೆ ಆಗಾಗ ಬಂದು ನೋಡಿರಿ. ಅಧ್ಯಾಪಕಮಿತ್ರರು ದೊನ್ನೆಯ ಪ್ರಯೋಗಕ್ಕೆ ಎರಡು ಅವಧಿ ಕೊಡಲಿ. ಮೂರನೆಯ ಅವಧಿಯನ್ನು ಕನ್ನಡಕ್ಕೆ ಬಿಟ್ಟುಕೊಟ್ಟರೆ, ಕಂಡುದನ್ನು ಕಂಡಂತೆ, ‘ಅಲಕ್ಷಿಸಿ’ ಎಂಬ ಪದವನ್ನು ಬಳಸದೆ, ಒಂದು ಪುಟದಲ್ಲಿ ಬರೆಯಿಸುವ ಹೊಣೆ ನನ್ನದು.