ಬೆಸುಗೆಯ ಬಾಳಿಕೆ
ಭದ್ರೆಯ ಜಲವನ್ನು ತರೀಕೆರೆಯ ಸೀಮೆಯಲ್ಲಿ ಯಂತ್ರಬಲದಿಂದ ಮೇಲೆತ್ತಿ, ಅಜ್ಜಂಪುರದ ಸುರಂಗದ ಮಾರ್ಗವಾಗಿ ಬಯಲುನಾಡಿಗೆ ಹರಿಯಿಸುವ ಭದ್ರಾ ಮೇಲ್ದಂಡೆ ಯೋಜನೆಯನ್ನು ಕುರಿತ ನಮ್ಮ ಮಾತೆಲ್ಲ ಟಿ.ಎಂ.ಸಿ.ಯ ಲೆಕ್ಕದಲ್ಲಿಯೇ ಮುಗಿಯುವುದಾದರೂ, ಮೇಲೆತ್ತುವ ನೀರಿನ ಒತ್ತಡವನ್ನು ತಾಳತಕ್ಕ ಬೆಸೆದ ಉಕ್ಕಿನ ಕೊಳವೆಗಳ ಸ್ವಾಸ್ಥ್ಯವೂ ಅಷ್ಟೇ ವಿಚಾರಾರ್ಹವೆಂದು ನಾನು ಭಾವಿಸುತ್ತೇನೆ. ತುಕ್ಕು ಕಂಡ ಮಾತ್ರಕ್ಕೆ ಕೊಳವೆಯನ್ನು ತ್ಯಜಿಸಬೇಕಿಲ್ಲ. ಶ್ರವಣಾತೀತ ಧ್ವನಿಯಿಂದ ಉಳಿದ ದಪ್ಪವನ್ನಳೆದು, ಸವೆತದ ಆಳ ಉದ್ದಗಳನ್ನು ಒತ್ತಡದೊಡನೆ ತೂಗಿ, ಇನ್ನೂ ನಿರ್ಭಯವಾಗಿ ದುಡಿಸಬಹುದೇ ಎಂದು ನಿರ್ಣಯಿಸುವ ಕ್ರಮವುಂಟು. ತುಕ್ಕುಹಿಡಿದ ಕೊಳವೆಗಳ ಬಲವನ್ನು ಅಳೆಯುವ ಅಮೆರಿಕದ ಬಿ31ಜಿ ನಿಯಮದಂತೆ ಸವೆತವು ದಪ್ಪದ ಶೇಕಡ 80ನ್ನು ಮೀರಿದಲ್ಲಿ ಲೆಕ್ಕಾಚಾರಕ್ಕೆಡೆಯಿಲ್ಲ. ಆದರೆ ಕೊಳವೆಯ ಬರಿಯ ಮೈಯಲ್ಲಿ ಕ್ಷಮ್ಯವಾಗಬಹುದಾದ ತಗ್ಗು ಬೆಸುಗೆಯ ಮೇಲೆ ಬಿದ್ದಿತೆಂದರೆ, ಅಲ್ಲಿ ಬಿರುಕು ಹುಟ್ಟುವ ಭಯವಿರುವುದರಿಂದಲೂ, ವಿದ್ಯುತ್ತು ಹಠಾತ್ತನೆ ನಿಂತಾಗಿನ ಜಲಾಘಾತವು, ಎಂದರೆ ನೀರಿನ ಒತ್ತಡದ ಹೊಡೆತವು, ಆ ಬಿರುಕನ್ನು ಹಿಗ್ಗಿಸಬಲ್ಲುದಾದುದರಿಂದಲೂ, ದುರಸ್ತಿಯೇ ಉಚಿತ. ಬರದಿಂದ ಬೆಂದ ಕಡೂರಿನ ಕಡೆಗೆ ಈ ಯೋಜನೆಯ ಕೊಳವೆ ಹೂಳುವವರು ಪ್ರತಿ ಬೆಸುಗೆಯ ಸ್ಥಿತಿಯನ್ನೂ ಸುತ್ತಲ ದಪ್ಪವನ್ನೂ ಅಂದೇ ಬರೆದಿಡತಕ್ಕದ್ದು. ಆ ಮೂಲಲೆಕ್ಕವಿಲ್ಲದೆ ಮುಂದಿನ ಪರೀಕ್ಷಕನು ಸವೆತದ ವೇಗವನ್ನು ತಿಳಿಯಲಾರನು.