ಇರುಳಿನ ಗಂಟೆಗಳು ಯಾರವು?

ಲಿನಕ್ಸ್ ಕರ್ನಲ್‌ನಲ್ಲಿ ಯಂತ್ರವನ್ನು ರೀಬೂಟ್ ಮಾಡಿಸುವ ಒಂದು ಭಾಗವಿದೆ. ಯಾವುದೋ ತಪ್ಪು ಕರೆಗೆ ನಡೆಯುತ್ತಿರುವ ಯಂತ್ರ ನಿಂತುಹೋಗಬಾರದೆಂದು, ಕರೆಯುವ ತಂತ್ರಾಂಶ ಮೊದಲು ಗುರುತಿನ ಅಂಕಿಗಳನ್ನು ಒಪ್ಪಿಸಬೇಕೆಂಬ ನಿಯಮ ಅಲ್ಲಿದೆ. ಆ ಅಂಕಿಗಳನ್ನು ಹೆಕ್ಸಾಡೆಸಿಮಲ್‌ಗೆ, ಅಂದರೆ ಹದಿನಾರರ ಲೆಕ್ಕಕ್ಕೆ ತಿರುಗಿಸಿದರೆ ತಾರೀಖುಗಳು ಕಾಣುತ್ತವೆ. ಒಂದು, ಲಿನಕ್ಸನ್ನು ಹುಟ್ಟುಹಾಕಿದ ಲೀನಸ್ ಟೋರ್ವಾಲ್ಡ್ಸ್ ಅವರದೇ ಹುಟ್ಟಿದ ದಿನ. ಉಳಿದ ಮೂರು, 1996, 1998 ಮತ್ತು 2000ರಲ್ಲಿ ಹುಟ್ಟಿದ ಅವರ ಮೂವರು ಹೆಣ್ಣುಮಕ್ಕಳವು. ಜಗತ್ತಿನ ಸರ್ವರ್‌ಗಳನ್ನೂ ನಮ್ಮ ಕೈಲಿರುವ ಆಂಡ್ರಾಯ್ಡ್ ಫೋನುಗಳನ್ನೂ ನಡೆಸುವ ತಂತ್ರಾಂಶದೊಳಗೆ ಒಬ್ಬ ತಂದೆ ತನ್ನ ಮಕ್ಕಳನ್ನು ನೆನೆದಿದ್ದಾನೆ.

ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಮುಕ್ತ ತಂತ್ರಾಂಶದ ಹುಚ್ಚು ಹಿಡಿದ ಯುವಕರು ಈ ಸಂಗತಿಯನ್ನು ಪ್ರೀತಿಯಿಂದ ಹೇಳಿಕೊಳ್ಳುತ್ತಾರೆ. ನೋಡಿ, ಮಕ್ಕಳು, ಕೋಡು ಎರಡನ್ನೂ ನಿಭಾಯಿಸಬಹುದಲ್ಲ ಎನ್ನುತ್ತಾರೆ. ನನಗೂ ಈ ಕಥೆ ಇಷ್ಟ. ಆದರೆ ಅದರ ಇನ್ನೊಂದು ಪಾಲನ್ನೂ ಹೇಳಬೇಕು. ಮೊದಲ ಮಗಳು ಹುಟ್ಟಿದ ಕೆಲವೇ ತಿಂಗಳಿಗೆ, 1997ರಲ್ಲಿ, ಟೋರ್ವಾಲ್ಡ್ಸ್ ಕ್ಯಾಲಿಫೋರ್ನಿಯಾದ ಟ್ರಾನ್ಸ್‌ಮೆಟಾ ಕಂಪನಿ ಸೇರಿದರು. ಲಿನಕ್ಸ್ ಕೆಲಸಕ್ಕೆ ಅಲ್ಲಿ ಅಡ್ಡಿ ಇರಲಿಲ್ಲ. 2003ರಿಂದಂತೂ ಕರ್ನಲ್ ನೋಡಿಕೊಳ್ಳುವುದೇ ಅವರ ನೌಕರಿಯಾಯಿತು. ಬಳ್ಳಾರಿಯ ಗಾಂಧಿನಗರದಲ್ಲಿ ಬಾಡಿಗೆ ಮನೆ ಹಿಡಿದು, ಹಗಲೆಲ್ಲ ಬೆಂಗಳೂರಿನ ಕಂಪನಿಗೆ ದುಡಿದು, ಊಟವಾದ ಮೇಲೆ ಲ್ಯಾಪ್‌ಟಾಪ್ ತೆರೆದು ಕೂರುವ ಹುಡುಗನಿಗೆ ಆ ಅನುಕೂಲ ಇಲ್ಲ. ಅವನು ಕೊಡುವ ಹೊತ್ತು ಸಂಬಳದ ಹೊತ್ತಲ್ಲ, ಮನೆಯ ಹೊತ್ತು. ಹಾಗಾಗಿ ಕೇಳಬೇಕಾದ ಪ್ರಶ್ನೆ ಎರಡನ್ನೂ ಹೇಗೆ ತೂಗಿಸುವುದು ಎಂಬುದಲ್ಲ. ಆ ಗಂಟೆಗಳು ಯಾರವು ಎಂಬುದು.

ಇದನ್ನು ಕೇಳುವ ಮುಂಚೆ ಆ ಉತ್ಸಾಹದ ಬೆಲೆಯನ್ನು ಒಪ್ಪಿಕೊಳ್ಳುವುದು ನ್ಯಾಯ. ಬಳ್ಳಾರಿ, ಸಿರುಗುಪ್ಪ ಎಂಬ ಎರಡು ಹೆಸರುಗಳನ್ನು ಫೋನಿನಲ್ಲಿ ಸರಿಯಾಗಿ ಓದಲು ಒತ್ತಕ್ಷರಗಳು ತಮ್ಮ ಜಾಗದಲ್ಲಿ ಕೂರಬೇಕು. ಆಂಡ್ರಾಯ್ಡ್‌ನಲ್ಲಿ, ಕ್ರೋಮ್‌ನಲ್ಲಿ, ಫೈರ್‌ಫಾಕ್ಸ್‌ನಲ್ಲಿ ಅವನ್ನು ಕೂರಿಸುವುದು ಹಾರ್ಫ್‌ಬಝ್ ಎಂಬ ಮುಕ್ತ ತಂತ್ರಾಂಶ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ಕಗಪ ಎಂಬ ಹೆಸರಿನಲ್ಲಿ ಇಂದು ಲಿನಕ್ಸ್ ಹಾಕಿದ ಯಾವ ಕಂಪ್ಯೂಟರಿನಲ್ಲೂ ಸಿಗುತ್ತದೆ. 20,000ಕ್ಕೂ ಹೆಚ್ಚು ವಚನಗಳನ್ನು ಪದ ಪದವಾಗಿ ಹುಡುಕಿಕೊಡುವ ‘ವಚನ ಸಂಚಯ’ವನ್ನು ಕಟ್ಟಿದ್ದು ಓಂಶಿವಪ್ರಕಾಶ್ ಮತ್ತು ಅವರ ಗೆಳೆಯರ ಸ್ವಯಂಸೇವೆ. ಅದಕ್ಕೆ ಜೊತೆಯಾದವರಲ್ಲಿ ಕತೆಗಾರ ವಸುಧೇಂದ್ರ ಒಬ್ಬರು. ನಮ್ಮ ಸಂಡೂರಿನವರು, ಸಾಫ್ಟ್‌ವೇರ್ ಉದ್ಯೋಗದಲ್ಲಿ ವರ್ಷಗಟ್ಟಲೆ ಇದ್ದವರು. ಮಾರುಕಟ್ಟೆಗೆ ಬಿಟ್ಟಿದ್ದರೆ ಇವುಗಳಲ್ಲಿ ಎಷ್ಟೋ ಕೆಲಸ ಆಗುತ್ತಲೇ ಇರಲಿಲ್ಲ. ಕನ್ನಡಕ್ಕೆ ಕೆಲಸ ಮಾಡಿದರೆ ಲಾಭ ಎಷ್ಟು ಎಂದು ಲೆಕ್ಕ ಹಾಕಿದವರು ಹಿಂದೆ ಸರಿದ ಕಡೆಯೆಲ್ಲ ಯಾರೋ ಒಬ್ಬರು ರಾತ್ರಿ ಕೂತು ಮಾಡಿದ್ದಾರೆ. ಇಂಥ ಕೆಲಸವನ್ನು ಹುಡುಗಾಟ ಎಂದು ತಳ್ಳಿಹಾಕುವವರ ಜೊತೆ ನಾನಿಲ್ಲ.

ಆದರೂ ಆ ರಾತ್ರಿಗಳಲ್ಲಿ ಮನೆಯಲ್ಲಿ ಯಾರು ಎದ್ದಿದ್ದರು ಎಂದು ಕೇಳಲೇಬೇಕು.

ನಮ್ಮ ಕಡೆ ಚೊಚ್ಚಲು ಹೆರಿಗೆ ತವರಿನಲ್ಲಿ. ಗಂಡನ ಮನೆ ಸಿರುಗುಪ್ಪ, ಹೆಂಡತಿಯ ತವರು ಕುರುಗೋಡು, ಸಂಸಾರ ಬಳ್ಳಾರಿಯಲ್ಲಿ: ಇಂಥ ಮೂರು ಊರಿನ ಮನೆಗಳು ಈ ಜಿಲ್ಲೆಯಲ್ಲಿ ಬೇಕಾದಷ್ಟಿವೆ, ನಮ್ಮದೂ ಅವುಗಳಲ್ಲೊಂದು. ಏಳನೇ ತಿಂಗಳ ಸೀಮಂತ ಮುಗಿಸಿ ಹೋದ ಹೆಣ್ಣುಮಗಳು ಬಾಣಂತನ ಮುಗಿಸಿಕೊಂಡು ಮರಳುವುದು ಕೂಸಿಗೆ ಮೂರೋ ಐದೋ ತಿಂಗಳು ತುಂಬಿದ ಮೇಲೆ. ಅಷ್ಟು ದಿನ ಗಂಡು ಬಳ್ಳಾರಿಯಲ್ಲಿ ಒಬ್ಬನೇ. ಶನಿವಾರ ಸಂಜೆ ಬಸ್ಸು ಹತ್ತಿ ಕುರುಗೋಡಿಗೆ ಹೋಗುತ್ತಾನೆ, ಸ್ನಾನ ಮಾಡಿಸಿ ಸಾಂಬ್ರಾಣಿ ಹೊಗೆ ಹಾಕಿ ಮಲಗಿಸಿದ ಕೂಸನ್ನು ಎತ್ತಿಕೊಳ್ಳುತ್ತಾನೆ, ದೊಡ್ಡಬಸವೇಶ್ವರನಿಗೆ ಕೈಮುಗಿದು ಸೋಮವಾರ ಬೆಳಿಗ್ಗೆ ವಾಪಸು. ವಾರದ ಉಳಿದ ರಾತ್ರಿಗಳೆಲ್ಲ ಖಾಲಿ. ತಂದೆಯಾದ ಹೆಮ್ಮೆ, ಅದರ ಜೊತೆಗೆ ಜೀವನದಲ್ಲಿ ಹಿಂದೆಂದೂ ಸಿಗದಷ್ಟು ಬಿಡುವು.

ಮುಕ್ತ ತಂತ್ರಾಂಶದ ಬಳಗದಲ್ಲಿ ಎಷ್ಟೋ ಗೆಳೆಯರು ದೊಡ್ಡ ಹೊಣೆಗಳನ್ನು ಹೊತ್ತುಕೊಂಡಿದ್ದು ಸರಿಯಾಗಿ ಈ ತಿಂಗಳುಗಳಲ್ಲೇ ಎಂಬುದನ್ನು ನಾನು ಗಮನಿಸಿದ್ದೇನೆ. ಫಾಂಟಿನ ಮುಂದಿನ ಬಿಡುಗಡೆ ನನಗಿರಲಿ ಎನ್ನುತ್ತಾರೆ, ಪ್ಯಾಕೇಜಿನ ಉಸ್ತುವಾರಿ ವಹಿಸಿಕೊಳ್ಳುತ್ತಾರೆ, ಬಂದ ದೂರುಗಳಿಗೆಲ್ಲ ಆ ದಿನವೇ ಉತ್ತರ ಬರೆಯುತ್ತಾರೆ. ಆ ಬಿಡುವು ತಮ್ಮದಲ್ಲ, ಕುರುಗೋಡಿನ ಮನೆಯಲ್ಲಿ ಅತ್ತೆ ನಿದ್ದೆಗೆಟ್ಟು ಸಾಲ ಕೊಟ್ಟದ್ದು ಎಂಬುದು ಆಗ ಹೊಳೆಯುವುದಿಲ್ಲ. ಆಮೇಲೆ ತಾಯಿ ಮಗು ಬಳ್ಳಾರಿಗೆ ಬರುತ್ತಾರೆ. ಕೂಸು ರಾತ್ರಿ ಎರಡಕ್ಕೆ ಏಳುತ್ತದೆ, ಹಲ್ಲು ಬರುವ ಹೊತ್ತಿಗೆ ಭೇದಿ, ಲಸಿಕೆ ಹಾಕಿಸಿದ ದಿನ ಜ್ವರ. ಬಿಡುವು ಹೋಯಿತು, ಒಪ್ಪಿಕೊಂಡ ಹೊಣೆ ಮಾತ್ರ ಉಳಿಯಿತು. ಜಗಳ ಶುರುವಾಗುವುದು ಇಲ್ಲಿಂದ. ಗಂಡ ಅದನ್ನು ತನ್ನ ಉತ್ಸಾಹಕ್ಕೂ ಮಗುವಿಗೂ ನಡುವಿನ ತಿಕ್ಕಾಟ ಎಂದುಕೊಳ್ಳುತ್ತಾನೆ. ನಿಜದಲ್ಲಿ ಅದು ಇಬ್ಬರು ಹೆಂಗಸರ ಹೊತ್ತನ್ನು ತನ್ನದೆಂದು ಎಣಿಸಿ ಅಪರಿಚಿತರಿಗೆ ಮಾತು ಕೊಟ್ಟದ್ದರ ಫಲ.

ಕುರುಗೋಡಿನ ಮಾವನವರು ಒಮ್ಮೆ ನನ್ನನ್ನು ಕೇಳಿದ್ದರು: ‘ರಾತ್ರಿಯೆಲ್ಲ ಯಾರ ಕೆಲಸ ಮಾಡ್ತೀರಪ್ಪಾ? ರೊಕ್ಕ ಕೊಡ್ತಾರೇನು?’ ಕೊಡುವುದಿಲ್ಲ, ಎಲ್ಲರಿಗೂ ಉಪಯೋಗವಾಗುತ್ತೆ ಮಾವ, ಎಂದೆ. ‘ಒಳ್ಳೇದೇ ಬಿಡ್ರಿ, ಧರ್ಮದ ಕೆಲಸ. ಮಗಳಿಗೆ ಗೊತ್ತೈತಲ್ಲ?’ ಎಂದರು. ಕಂಪ್ಯೂಟರಿನ ಗಂಧವಿಲ್ಲದ ಮನುಷ್ಯ ಕೇಳಿದ ಆ ಕೊನೆಯ ಪ್ರಶ್ನೆಗಿಂತ ಹರಿತವಾದದ್ದನ್ನು ಈ ವಿಷಯದಲ್ಲಿ ನಾನು ಓದಿಲ್ಲ. ದಾನ ಮಾಡುವವನು ತನ್ನದನ್ನು ಕೊಡಬೇಕು. ಮನೆಯವರ ಪಾಲನ್ನೂ ಸೇರಿಸಿ ಕೊಡುವುದಾದರೆ ಅವರು ತಿಳಿದು ಒಪ್ಪಿರಬೇಕು.

ಯಾರ ಪಾಲು ಎಷ್ಟು ಎಂಬುದಕ್ಕೆ ಲೆಕ್ಕವೂ ಇದೆ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಟ್ಟರೆ ಗಂಡಸರು 97 ನಿಮಿಷ. ಅಂಥ ಕೆಲಸಕ್ಕೆ ಕೈಹಾಕಿದವರೇ ಗಂಡಸರಲ್ಲಿ ಸುಮಾರು ಕಾಲುಭಾಗ. ಕಾನೂನು ಕೂಡ ಇದೇ ಎಣಿಕೆಯಲ್ಲಿ ನಡೆದಿದೆ. 2017ರ ತಿದ್ದುಪಡಿಯಿಂದ ತಾಯಿಗೆ 26 ವಾರಗಳ ಸಂಬಳಸಹಿತ ಹೆರಿಗೆ ರಜೆ ಬಂತು, ಒಳ್ಳೆಯದಾಯಿತು. ತಂದೆಗೆ? ಕೇಂದ್ರ ಸರ್ಕಾರಿ ನೌಕರನಾದರೆ 15 ದಿನ. ಖಾಸಗಿ ಕಂಪನಿಯವನಿಗೆ ಕೊಡಲೇಬೇಕೆಂಬ ಕಾನೂನೇ ಇಲ್ಲ. ಮನೆಯಲ್ಲಿ ಅವನ ಕೆಲಸವೇನೂ ಇಲ್ಲ ಎಂದು ಸಮಾಜವೇ ಬರೆದುಕೊಟ್ಟ ಹಾಗಿದೆ. ಅದನ್ನು ನಂಬಿದವನಿಗೆ ರಾತ್ರಿ ಒಂಬತ್ತರ ನಂತರದ ಹೊತ್ತೆಲ್ಲ ಸ್ವಂತದ್ದು ಎನ್ನಿಸುವುದು ಸಹಜ.

ಸಿರುಗುಪ್ಪದ ಗದ್ದೆಗಳ ನಡುವೆ ಬೆಳೆದವರಿಗೆ ಕಾಲುವೆಯ ನ್ಯಾಯ ಹೇಳಿಕೊಡಬೇಕಿಲ್ಲ. ತುಂಗಭದ್ರಾ ಕಾಲುವೆಯಲ್ಲಿ ಮೇಲಿನವರು ಬೇಕಾದಷ್ಟು ಎಳೆದುಕೊಂಡರೆ ಕೊನೆಭಾಗದ ರೈತನ ಭತ್ತ ತೆನೆ ಬರುವ ಹೊತ್ತಿಗೆ ಒಣಗುತ್ತದೆ. ಎಳೆದುಕೊಂಡವರು ಕೆಟ್ಟವರೇನಲ್ಲ, ಅವರೂ ಬೆಳೆಯನ್ನೇ ಬೆಳೆಯುತ್ತಿದ್ದಾರೆ. ಮನೆಯ ದಿನದಲ್ಲಿ ಮೊದಲು ನೌಕರಿ ಎಳೆದುಕೊಳ್ಳುತ್ತದೆ, ಆಮೇಲೆ ಫೋನು, ಆಮೇಲೆ ಕೋಡು. ಕೊನೆಭಾಗದಲ್ಲಿ ನಿಂತಿರುವುದು ಬಾಣಂತಿ ಮತ್ತು ಕೂಸು. ಅಲ್ಲಿಗೆ ನೀರು ಮುಟ್ಟಿತೋ ಇಲ್ಲವೋ ಎಂದು ಅಲ್ಲಿಗೇ ಹೋಗಿ ನೋಡಬೇಕು, ತೂಬಿನ ಬಾಯಲ್ಲಿ ನಿಂತವನಿಗೆ ತಿಳಿಯುವುದಿಲ್ಲ.

ಇಲ್ಲಿ ಒಂದು ಸಮರ್ಥನೆ ಬರುತ್ತದೆ, ಅದನ್ನು ನಾನು ಗಟ್ಟಿಯಾಗಿ ಅಲ್ಲಗಳೆಯುತ್ತೇನೆ. ‘ನಾನು ಮಾಡುತ್ತಿರುವುದು ಮಗುವಿಗಾಗಿಯೇ. ಅವಳು ದೊಡ್ಡವಳಾದಾಗ ಕನ್ನಡದಲ್ಲಿ ಎಲ್ಲವೂ ಇರಬೇಕಲ್ಲ.’ ಮಾತು ಚೆಂದ. ಆದರೆ ಆರು ತಿಂಗಳ ಕೂಸಿಗೆ ಫಾಂಟು ಬೇಡ. ಒಗೆದು ಒಣಗಿಸಿದ ಬಟ್ಟೆ ಬೇಕು, ತಟ್ಟಿ ಮಲಗಿಸುವ ಕೈ ಬೇಕು, ನಿದ್ದೆ ಮಾಡಿ ಎದ್ದ ತಾಯಿ ಬೇಕು. ಇಪ್ಪತ್ತು ವರ್ಷದ ಮೇಲಿನ ಮಗಳನ್ನು ಮುಂದಿಟ್ಟುಕೊಂಡು ಇವತ್ತಿನ ಮಗಳಿಂದ ತಪ್ಪಿಸಿಕೊಳ್ಳಬಾರದು. ಕನ್ನಡದ ಕೆಲಸ ಕನ್ನಡಕ್ಕಾಗಿ ಎಂದೇ ಹೇಳೋಣ, ಅಷ್ಟೇ ಸಾಕಷ್ಟು ದೊಡ್ಡ ಕಾರಣ.

ಇನ್ನೊಂದು ವಿಷಯ ನನ್ನನ್ನು ಬಹಳ ಕಾಡುತ್ತದೆ. ಬಳ್ಳಾರಿಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಒಂದೇ ಬೆಂಚಿನ ಆಚೀಚೆ ಕೂತು ಓದಿ ಮದುವೆಯಾದ ಜೋಡಿಗಳಿದ್ದಾರೆ. ಇಬ್ಬರೂ ಕೋಡ್ ಬರೆದವರು, ಕೋಡ್ ಹಂಚಿಕೊಳ್ಳುವ ಗಿಟ್‌ಹಬ್ ತಾಣದಲ್ಲಿ ಇಬ್ಬರಿಗೂ ಖಾತೆ ಇತ್ತು. ಹೆರಿಗೆಯ ಆಸುಪಾಸಿನಲ್ಲಿ ಅವಳ ಖಾತೆ ಸುಮ್ಮನಾಗುತ್ತದೆ. ಅದನ್ನು ಯಾರೂ ಸಮಸ್ಯೆ ಎಂದು ಚರ್ಚಿಸುವುದಿಲ್ಲ. ಮಗುವನ್ನೂ ಕೋಡನ್ನೂ ಹೇಗೆ ನಿಭಾಯಿಸುತ್ತೀರಿ ಎಂದು ಮೆಚ್ಚುಗೆಯಿಂದ ಕೇಳುವುದು ಅವನನ್ನು. ಅವಳ ಉತ್ಸಾಹ ಎಲ್ಲಿಗೆ ಹೋಯಿತು? ತಂದೆಯ ಪಾಡಿನ ಬಗ್ಗೆ ಬರೆಯುವ ಯಾರೇ ಆಗಲಿ ಈ ಮೌನವನ್ನು ದಾಟಿ ಹೋಗುವಂತಿಲ್ಲ. ವಾರದಲ್ಲಿ ಎರಡು ರಾತ್ರಿ ಅವನದಾದರೆ ಎರಡು ರಾತ್ರಿ ಅವಳದಾಗಬೇಕು. ಆ ಹೊತ್ತಿನಲ್ಲಿ ಅವಳು ಕೋಡ್ ಬರೆಯಲಿ, ಕಾದಂಬರಿ ಓದಲಿ, ಸುಮ್ಮನೆ ಮಲಗಲಿ, ಲೆಕ್ಕ ಕೊಡಬೇಕಾಗಿಲ್ಲ. ನಮ್ಮ ಮನೆಯಲ್ಲಿ ಇದನ್ನು ಕ್ಯಾಲೆಂಡರಿನ ಮೇಲೆ ಬರೆದಿಟ್ಟುಕೊಂಡ ಮೇಲೆ ಬಹಳಷ್ಟು ಮಾತು ತಾನಾಗಿ ನಿಂತಿತು.

ಹಾಗಾದರೆ ಮಗು ಶಾಲೆಗೆ ಹೋಗುವ ತನಕ ಎಲ್ಲವನ್ನೂ ಬಿಟ್ಟುಬಿಡಬೇಕೆ? ಬೇಡ. ಮನೆಯವರಲ್ಲದ ಯಾರಿಗಾದರೂ ಉಪಯೋಗವಾಗುವ ಒಂದು ಕೆಲಸವನ್ನು ಪ್ರೀತಿಯಿಂದ ಮಾಡುವ ಮನುಷ್ಯ ಮನೆಗೂ ಒಳ್ಳೆಯವನು. ಅದಲ್ಲದೆ, ಮಕ್ಕಳಿರುವವರೆಲ್ಲ ಹೊರಟುಹೋದರೆ ಮುಕ್ತ ತಂತ್ರಾಂಶ ಉಳಿಯುವುದು ಮದುವೆಯಾಗದ ಹುಡುಗರ ಮತ್ತು ಕಂಪನಿಗಳು ಸಂಬಳ ಕೊಟ್ಟು ಕೂರಿಸಿದವರ ಕೈಯಲ್ಲಿ. ಅಳುವ ಕೂಸನ್ನು ಒಂದು ತೋಳಲ್ಲಿ ಹಿಡಿದು ಒಂದೇ ಕೈಯಲ್ಲಿ ಫೋನ್ ಬಳಸುವುದು ಏನೆಂದು ತಿಳಿದವರು ತಂತ್ರಾಂಶ ಮಾಡುವವರ ನಡುವೆ ಇರಬೇಕು.

ಬಿಡಬೇಕಾದದ್ದು ಒಂದೇ, ಒಬ್ಬನೇ ಹೊರುವ ಹೊಣೆ. ಎಕ್ಸ್‌ಝಡ್ ಯೂಟಿಲ್ಸ್ ಪ್ರಕರಣ ಇದಕ್ಕೆ ಸಾಕ್ಷಿ. ಕಡತಗಳನ್ನು ಕುಗ್ಗಿಸುವ ಈ ಸಣ್ಣ ತಂತ್ರಾಂಶವನ್ನು ಫಿನ್ಲೆಂಡಿನ ಲಾಸ್ಸೆ ಕೊಲಿನ್ ವರ್ಷಾನುಗಟ್ಟಲೆ ಸಂಬಳವಿಲ್ಲದೆ ನೋಡಿಕೊಂಡರು. ಮಾನಸಿಕ ಆರೋಗ್ಯ ಸರಿಯಿಲ್ಲ, ಕೈಲಾಗುತ್ತಿಲ್ಲ ಎಂದು 2022ರಲ್ಲಿ ಹೇಳಿಕೊಂಡಾಗ, ಬೇಗ ಮಾಡು ಎಂದು ಒತ್ತಡ ಹೇರುವ ದನಿಗಳೇ ಕೇಳಿದವು. ನೆರವಿಗೆ ಬಂದ ಜಿಯಾ ಟಾನ್ ಎಂಬ ಹೆಸರಿನ ವ್ಯಕ್ತಿ ನಂಬಿಕೆ ಗಳಿಸಿ, ಅಧಿಕಾರ ಪಡೆದು, 2024ರಲ್ಲಿ ಅದರೊಳಗೆ ಕಳ್ಳಬಾಗಿಲು ಇಟ್ಟ. ಲಾಗಿನ್ ಆಗಲು ಅರ್ಧ ಸೆಕೆಂಡು ತಡವಾಗುತ್ತಿದೆ ಏಕೆಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಬೆನ್ನುಹತ್ತಿ, ಮಾರ್ಚ್ 29ರಂದು ಬಯಲಿಗೆ ತರದಿದ್ದರೆ ಜಗತ್ತಿನ ಅದೆಷ್ಟೋ ಸರ್ವರ್‌ಗಳ ಕೀಲಿ ಕಳ್ಳರ ಕೈಗೆ ಹೋಗುತ್ತಿತ್ತು. ದಣಿದ ಒಬ್ಬನ ಮೇಲೆ ಲೋಕ ನಿಂತಿದ್ದರೆ ಆಗುವುದು ಇದು. ಆ ಒಬ್ಬ ನಿದ್ದೆಯಿಲ್ಲದ ಹೊಸ ತಂದೆಯಾದರೂ ಅಪಾಯ ಅಷ್ಟೇ.

ಆದ್ದರಿಂದ ಮಗು ಚಿಕ್ಕದಿರುವ ವರ್ಷಗಳಿಗೆ ಒಪ್ಪುವ ಕೆಲಸ ಎಂದರೆ ಅರ್ಧಕ್ಕೆ ಬಿಟ್ಟು ಎದ್ದರೂ ಯಾರಿಗೂ ತೊಂದರೆಯಾಗದ ಕೆಲಸ. ಅನುವಾದ ಅಂಥದ್ದು. ಒಂದೊಂದು ಸಾಲು ಒಂದೊಂದು ಸ್ವತಂತ್ರ ತುಣುಕು, ನಾಲ್ಕು ಮಾಡಿ ಎದ್ದರೂ ನಾಲ್ಕು ಉಳಿಯುತ್ತವೆ. ಕನ್ನಡ ವಿಕಿಪೀಡಿಯದ ತಿದ್ದುಪಡಿ, ದೋಷವನ್ನು ಮರುಕಳಿಸಿ ನೋಡಿ ವಿವರ ಬರೆಯುವುದು, ಬಳಕೆಯ ಕೈಪಿಡಿ ಇವೂ ಹಾಗೆಯೇ. ಬಿಡುಗಡೆಯ ಗಡುವು, ಭದ್ರತೆಯ ತುರ್ತು, ಒಬ್ಬನ ಬಳಿಯೇ ಇರುವ ಪಾಸ್‌ವರ್ಡು, ಇವನ್ನು ಇನ್ನೊಬ್ಬರ ಜೊತೆ ಹಂಚಿಕೊಳ್ಳಬೇಕು ಅಥವಾ ಒಪ್ಪಿಸಿಬಿಡಬೇಕು. ಲಿನಕ್ಸ್ ಆಧಾರಿತ ವ್ಯವಸ್ಥೆಯೊಂದನ್ನು ಕಟ್ಟುವ ಡೆಬಿಯನ್ ಬಳಗದಲ್ಲಿ ಇದಕ್ಕೆ ಸರಿಯಾದ ಕ್ರಮವೇ ಇದೆ. ಪ್ಯಾಕೇಜನ್ನು ಇನ್ನು ನೋಡಿಕೊಳ್ಳಲಾರೆ, ಯಾರಾದರೂ ವಹಿಸಿಕೊಳ್ಳಿ ಎಂದು ದಾಖಲಿಸಿದರೆ ಅದು ಪಟ್ಟಿಗೆ ಸೇರುತ್ತದೆ, ಬೇಕಾದವರು ಎತ್ತಿಕೊಳ್ಳುತ್ತಾರೆ, ಅದರಲ್ಲಿ ಅವಮಾನವೇನಿಲ್ಲ. ಲಿನಕ್ಸ್ ಕರ್ನಲ್‌ನಂಥದ್ದೇ 2018ರಲ್ಲಿ ಟೋರ್ವಾಲ್ಡ್ಸ್ ಕೆಲವು ವಾರ ಬಿಡುವು ತೆಗೆದುಕೊಂಡಾಗ ನಿಲ್ಲಲಿಲ್ಲ. ಗ್ರೆಗ್ ಕ್ರೋವಾ-ಹಾರ್ಟ್‌ಮನ್ ಮುನ್ನಡೆಸಿ 4.19 ಆವೃತ್ತಿಯನ್ನು ಹೊರತಂದರು. ಗಿಟ್‌ಹಬ್ ಕೂಡ ಎಡೆಬಿಡದೆ ಎಷ್ಟು ದಿನ ಕೆಲಸ ಮಾಡಿದಿರಿ ಎಂದು ತೋರಿಸುತ್ತಿದ್ದ ಎಣಿಕೆಯನ್ನು 2016ರಲ್ಲಿ ತೆಗೆದುಹಾಕಿತು. ಮಗುವಿಗೆ ಜ್ವರ ಬಂದ ದಿನ ಸೊನ್ನೆಗೆ ಇಳಿಯುವ ಎಣಿಕೆಯಿಂದ ಯಾವ ತಂತ್ರಾಂಶಕ್ಕೂ ಉಪಕಾರವಿಲ್ಲ.

ನಮ್ಮೂರಿನ ಕಾಲೇಜುಗಳಲ್ಲಿ ಲಿನಕ್ಸ್ ಕಲಿಸುವ ಗೆಳೆಯರಲ್ಲಿ ಇದಕ್ಕಾಗಿಯೇ ಎರಡು ಕೋರಿಕೆ. ಮೊದಲ ಪ್ಯಾಚ್, ಅಂದರೆ ಕೋಡಿನ ತಿದ್ದುಪಡಿ, ಕಳಿಸುವುದನ್ನು ಹೇಳಿಕೊಡುವ ದಿನವೇ ಹೊಣೆಯನ್ನು ಒಪ್ಪಿಸಿ ಹೊರಬರುವುದನ್ನೂ ಹೇಳಿಕೊಡಿ, ಇಪ್ಪತ್ತರ ಹುಡುಗ ಹುಡುಗಿಯರಿಗೆ ಅದು ಹತ್ತು ವರ್ಷ ಬಿಟ್ಟು ಬೇಕಾಗುತ್ತದೆ. ಇನ್ನೊಂದು, ಕೂಟಗಳನ್ನು ರಾತ್ರಿಯ ಆನ್‌ಲೈನ್ ಕರೆಗಳಿಂದ ಭಾನುವಾರದ ಬೆಳಗಿಗೆ ತನ್ನಿ. ನೆಲಕ್ಕೆ ಜಮಖಾನ ಹಾಸಿ, ಮಕ್ಕಳನ್ನು ಕರೆತರಲು ಹೇಳಿ, ತಾಯಂದಿರೂ ಬರಲಿ, ಕೂಸನ್ನು ನೋಡಿಕೊಳ್ಳುವ ಸರದಿ ಅಪ್ಪಂದಿರದಾಗಲಿ. ಏಪ್ರಿಲ್ ಮೇ ತಿಂಗಳಲ್ಲಾದರೆ ಏಳಕ್ಕೆ ಶುರುಮಾಡಿ ಹತ್ತರೊಳಗೆ ಮುಗಿಸಬೇಕಾಗುತ್ತದೆ, ಆಮೇಲಿನ ಬಳ್ಳಾರಿ ಬಿಸಿಲಿಗೆ ಮಕ್ಕಳನ್ನು ಹೊರಗೆ ಕರೆದೊಯ್ಯಲಾಗದು.