ಸೋಲಾರ್‌ನಲ್ಲಿ ದುಡ್ಡು ಉಂಟು, ಆದ್ರೆ ಯಾರ ಜೇಬಿಗೆ? ಡೀಲರ್‌ಶಿಪ್ ಹಿಡಿಯುವ ಮೊದಲು ಹಾಕಬೇಕಾದ ಲೆಕ್ಕ

ಮಂಗಳೂರು: ಎಲೆಕ್ಟ್ರಿಕಲ್, ಹಾರ್ಡ್‌ವೇರ್ ಅಂಗಡಿ ಇಟ್ಟವರಿಗೆ ಸೋಲಾರ್ ಡೀಲರ್‌ಶಿಪ್‌ನ ಆಸೆ ಹುಟ್ಟಿದ್ರೆ ಆಶ್ಚರ್ಯ ಇಲ್ಲ. 2024ರ ಫೆಬ್ರವರಿಯಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯ ಗುರಿ ಒಂದು ಕೋಟಿ ಮನೆ, ಮೊತ್ತ 75,021 ಕೋಟಿ ರೂಪಾಯಿ. ಮನೆ ಮಾಡಿಗೆ 1 ಕಿಲೋವ್ಯಾಟ್ ಹಾಕಿದ್ರೆ 30 ಸಾವಿರ, 2ಕ್ಕೆ 60 ಸಾವಿರ, 3 ಮತ್ತು ಮೇಲ್ಪಟ್ಟು 78 ಸಾವಿರ ಸಬ್ಸಿಡಿ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಕೂಡ ಶೇ 12ರಿಂದ 5ಕ್ಕೆ ಇಳಿಯಿತು. ಕೇಳಲಿಕ್ಕೆ ಎಲ್ಲವೂ ಚಂದ. ಆದರೆ ಕರಾವಳಿಯ ಲೆಕ್ಕ ಸ್ವಲ್ಪ ಬೇರೆಯೇ ಉಂಟು.

ಮೊದಲ ಅಡ್ಡಗೋಡೆ ಗೃಹಜ್ಯೋತಿ. 2023ರಿಂದ 200 ಯುನಿಟ್ ಒಳಗೆ ಬಳಸುವ ಮನೆಗಳಿಗೆ ಮೆಸ್ಕಾಂ ಬಿಲ್ ಸೊನ್ನೆ ಬರ್ತಾ ಉಂಟು. ಬಿಲ್ಲೇ ಇಲ್ಲದವರು ಸಬ್ಸಿಡಿ ಕಳೆದು ಲಕ್ಷಕ್ಕೂ ಮೇಲೆ ಹಾಕಿ ಪ್ಯಾನೆಲ್ ಯಾಕೆ ಕೂರಿಸ್ತಾರೆ? ಹಾಗಾಗಿ ಇಲ್ಲಿ ಗಿರಾಕಿ ಅಂದ್ರೆ 200 ಯುನಿಟ್ ದಾಟುವ ಮನೆ. ಎಸಿ ಇರುವ ಮನೆ, ಎರಡು ಮಾಳಿಗೆಯ ಮನೆ, ಬಾವಿಗೆ ದೊಡ್ಡ ಪಂಪ್ ಇಟ್ಟ ಮನೆ. ತಾಲೂಕಿನಲ್ಲಿ ಒಟ್ಟು ಎಷ್ಟು ಮನೆ ಉಂಟು ಅಂತ ನೋಡಿ ಪ್ರಯೋಜನ ಇಲ್ಲ. ಅಂಥ ಮನೆ ಎಷ್ಟು ಅಂತ ನೋಡ್ಬೇಕು.

ಎರಡನೆಯದು ಸ್ಟಾಕ್. ಅಂತಾರಾಷ್ಟ್ರೀಯ ಇಂಧನ ಸಂಸ್ಥೆ 2022ರಲ್ಲೇ ಹೇಳಿತ್ತು, ಪ್ಯಾನೆಲ್ ತಯಾರಿಯ ಪ್ರತಿ ಹಂತದಲ್ಲೂ ಶೇ 80ಕ್ಕಿಂತ ಹೆಚ್ಚು ಪಾಲು ಚೀನಾದ್ದು ಎಂದು. ಅಲ್ಲಿ ಮಾಲು ಹೆಚ್ಚಾದ ಕೂಡಲೇ 2023ರಲ್ಲಿ ಜಗತ್ತಿನ ಮಾರುಕಟ್ಟೆಯಲ್ಲಿ ಪ್ಯಾನೆಲ್ ರೇಟು ಸುಮಾರು ಅರ್ಧಕ್ಕೆ ಬಿತ್ತು. ಗೋಡೌನ್‌ನಲ್ಲಿ ಮಾಲು ತುಂಬಿಸಿ ಇಟ್ಟವನ ಗತಿ? ಸಬ್ಸಿಡಿಗೆ ಬೇಕಾದ್ದು ಭಾರತದಲ್ಲೇ ಮಾಡಿದ ಸೆಲ್ ಇರುವ ಪ್ಯಾನೆಲ್, ಅದು ಬೇರೆ ರೇಟು. 2026ರ ಜೂನ್ 1ರಿಂದ ನೆಟ್ ಮೀಟರಿಂಗ್‌ನವೂ ಸೇರಿ ಹೊಸ ಘಟಕಗಳಿಗೆ ಸರಕಾರದ ಪಟ್ಟಿಯಲ್ಲಿರುವ ಕಂಪನಿಯ ಸೆಲ್ಲೇ ಆಗ್ಬೇಕು ಅನ್ನೋದು ಕೇಂದ್ರದ ನಿಯಮ. ಒಂದು ಆದೇಶ ಬಂದರೆ ಕೈಯಲ್ಲಿದ್ದ ಮಾಲು ಹಳತಾಗ್ತದೆ. ಸಿಮೆಂಟು, ಪೈಂಟಿನ ಹಾಗೆ ಕೂಡಿಟ್ಟು ಮಾರುವ ಸಾಮಾನು ಇದಲ್ಲ.

ಗಾಳಿ ವಿದ್ಯುತ್ತಿನ ಪಾಠ ಕಲಿಯಲು ದೂರ ಹೋಗುವುದು ಬೇಡ, ಪಡುಬಿದ್ರಿ ಸಾಕು. ಅಲ್ಲಿ ಸುಜ್ಲಾನ್ ಕಂಪನಿ ವಿಶೇಷ ಆರ್ಥಿಕ ವಲಯದಲ್ಲಿ ವಿಂಡ್‌ಮಿಲ್ ಬ್ಲೇಡ್ ತಯಾರಿ ಶುರು ಮಾಡಿದಾಗ ಊರಿಗೆ ಊರೇ ಬದಲಾಗ್ತದೆ ಎಂಬ ಮಾತಿತ್ತು. ಇಲ್ಲಿನ ಬ್ಲೇಡ್‌ಗಳು ಪಣಂಬೂರು ಬಂದರಿನಿಂದ ಹಡಗು ಹತ್ತಿ ವಿದೇಶಕ್ಕೂ ಹೋದವು. ಆಮೇಲೆ ಕಂಪನಿ ಸಾಲದಲ್ಲಿ ಮುಳುಗಿತು, 2017ರ ಕೊನೆಗೆ ಪಡುಬಿದ್ರಿ ಘಟಕಕ್ಕೆ ಲಾಕೌಟ್ ಘೋಷಣೆ ಆಯಿತು. ಇದೇ ಕಂಪನಿಯ ಷೇರು 2008ರ ಆರಂಭದಲ್ಲಿ 400 ರೂಪಾಯಿ ದಾಟಿತ್ತು, 2020ರಲ್ಲಿ 2 ರೂಪಾಯಿ ಆಸುಪಾಸಿಗೆ ಬಂತು, 2024ರಲ್ಲಿ ಮತ್ತೆ 80 ದಾಟಿತು. ಷೇರು ಹಿಡಿದವನಿಗೆ ಕಾದು ಕೂರ್ಲಿಕ್ಕಾದರೂ ಆಗ್ತದೆ. ಫ್ಯಾಕ್ಟರಿ ಗೇಟ್ ನಂಬಿ ಬಾಡಿಗೆ ರೂಮು ಕಟ್ಟಿದವನಿಗೆ, ಹೋಟೆಲ್ ಇಟ್ಟವನಿಗೆ, ಸಾಲ ಮಾಡಿ ಗಾಡಿ ತೆಗೆದವನಿಗೆ ಬ್ಯಾಂಕಿನ ಕಂತು ಕಾಯುವುದಿಲ್ಲ.

ಇನ್ನು ಬಂದರು ನಮ್ಮಲ್ಲಿದೆ, ಗಾಳಿ ಘಟ್ಟದ ಮೇಲಿದೆ. 2024-25ರಲ್ಲಿ ಹೊಸ ಪವನ ವಿದ್ಯುತ್ ಸೇರ್ಪಡೆಯಲ್ಲಿ ದೇಶಕ್ಕೇ ಕರ್ನಾಟಕ ಮೊದಲು. ಆದರೆ ಆ ಕಂಬಗಳು ಏಳುವುದು ಗದಗ, ಚಿತ್ರದುರ್ಗ, ಕೊಪ್ಪಳದ ಕಡೆ. ಉದ್ದುದ್ದದ ಬ್ಲೇಡ್‌ಗಳನ್ನು ಶಿರಾಡಿಯ ತಿರುವು ದಾಟಿಸೋದು ಅಂದ್ರೆ ಸುಲಭದ ಮಾತಾ? ಮಳೆಗಾಲದಲ್ಲಿ ಆ ರಸ್ತೆಯ ಅವಸ್ಥೆ ಬಸ್ಸಿನಲ್ಲಿ ಹೋದವರಿಗೆಲ್ಲ ಗೊತ್ತು.

ಹಾಗಾದ್ರೆ ಇಲ್ಲಿನವರಿಗೆ ಉಳಿಯುವುದು ಏನು? ಪ್ಯಾನೆಲ್ಲಿನ ಅಡಿಯಲ್ಲಿ ಇರುವ ಕೆಲಸ. ಉಪ್ಪುಗಾಳಿಗೆ ಅಗ್ಗದ ಆಂಗಲ್, ಬೋಲ್ಟು ಬೇಗ ತುಕ್ಕು ಹಿಡೀತದೆ. ಸರಿಯಾಗಿ ಗ್ಯಾಲ್ವನೈಸ್ ಆದ ಸ್ಟ್ರಕ್ಚರ್, ಸ್ಟೀಲ್ ಬೋಲ್ಟು ಬೇಕು. ಇದಕ್ಕೆ ಬೈಕಂಪಾಡಿಯ ಫ್ಯಾಬ್ರಿಕೇಶನ್ ಶೆಡ್‌ಗಳು ಸಾಕು, ಗುಜರಾತಿನಿಂದ ತರಿಸಬೇಕಾಗಿಲ್ಲ. ಹಂಚಿನ ಮಾಡಿನದ್ದು ಇನ್ನೊಂದು ಕತೆ. 1865ರಲ್ಲಿ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ ಹಂಚಿನ ಕಾರ್ಖಾನೆ ಶುರುವಾದ ಮೇಲೆ ಈ ಊರು ಜಗತ್ತಿಗೇ ಹಂಚು ಕೊಟ್ಟಿತು, ಆದರೆ ಹಂಚಿನ ಮೇಲೆ ಪ್ಯಾನೆಲ್ ಕೂರಿಸುವುದು ತಾರಸಿಯಷ್ಟು ಸಲೀಸಲ್ಲ. ಹಂಚು ತೆಗೆದು ಪಕ್ಕಾಸಿಗೆ ಕೊಕ್ಕೆ ಕೊಟ್ಟು, ಜೂನ್‌ನಲ್ಲಿ ಸೋರದ ಹಾಗೆ ಮುಚ್ಚಬೇಕು. ಹೊರಜಿಲ್ಲೆಯಿಂದ ಬಂದು ಒಂದೇ ದಿನದಲ್ಲಿ ಫಿಟ್ ಮಾಡಿ ಹೋಗುವ ತಂಡದವರಿಗೆ ಈ ಅಂದಾಜು ಇರುವುದು ಕಷ್ಟ.

ಅದಕ್ಕಿಂತ ದೊಡ್ಡದು ಸರ್ವಿಸ್. ಸೂರ್ಯಘರ್‌ನಲ್ಲಿ ಹಾಕಿಕೊಟ್ಟ ವೆಂಡರ್ 5 ವರ್ಷ ನಿರ್ವಹಣೆ ಮಾಡಲೇಬೇಕು. ದೂರದ ವೆಂಡರ್‌ಗೆ ಮೂಡುಬಿದಿರೆಯಲ್ಲೋ ಉಳ್ಳಾಲದಲ್ಲೋ ಒಬ್ಬ ಲೈಸೆನ್ಸ್ ಇರುವ ಎಲೆಕ್ಟ್ರಿಶಿಯನ್ ಬೇಕೇ ಬೇಕು. ಸಿಡಿಲಿಗೆ ಇನ್ವರ್ಟರ್ ಹೋಯ್ತು, ಪ್ಯಾನೆಲ್ಲಿಗೆ ಪಾಚಿ ಕಟ್ಟಿತು, ಮಂಗ ವಯರ್ ಎಳೆದು ಹಾಕಿತು, ಕೆಲಸ ಮುಗಿಯುವುದಿಲ್ಲ. ಇದಕ್ಕೆ ಬೇಕಾದ ಬಂಡವಾಳ ಒಂದು ಏಣಿ, ಸುರಕ್ಷತಾ ಬೆಲ್ಟು, ಮೀಟರುಗಳು, ತರಬೇತಿ.

ಕರಾವಳಿಗೆ ಇದು ಹೊಸದೂ ಅಲ್ಲ. ಹರೀಶ್ ಹಂದೆಯವರ ಸೆಲ್ಕೋ 1995ರಲ್ಲಿ ಹುಟ್ಟಿ ಕರೆಂಟಿಲ್ಲದ ಮನೆಗಳಿಗೆ ಸೋಲಾರ್ ದೀಪ ಕೊಟ್ಟದ್ದು ಸರ್ವಿಸ್ ಮತ್ತು ಬ್ಯಾಂಕ್ ಸಾಲ, ಇವೆರಡನ್ನು ನಂಬಿ. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಬಡ್ಡಿ ಕಡಿಮೆ ಮಾಡಿ ಸೋಲಾರ್ ಸಾಲ ಕೊಡಿಸಿದ್ದು ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕ್ ಮೂಲಕ, ಎರಡೂ ಈ ಕಡೆಯ ಬ್ಯಾಂಕುಗಳೇ.

ಇನ್ನು ಅಂಗಡಿಯ ಸ್ವಂತ ಬಿಲ್. ಅಂಗಡಿಗೆ ಗೃಹಜ್ಯೋತಿ ಇಲ್ಲ, ಸೂರ್ಯಘರ್ ಸಬ್ಸಿಡಿಯೂ ಇಲ್ಲ. ಆದರೆ ವಾಣಿಜ್ಯ ದರ ಮನೆಯ ದರಕ್ಕಿಂತ ಜಾಸ್ತಿ, ಅಂಗಡಿಯ ಖರ್ಚು ಹೆಚ್ಚಿನದ್ದು ಬಿಸಿಲಿನ ಹೊತ್ತಿನಲ್ಲೇ. ಫ್ರಿಜ್, ಐಸ್‌ಕ್ರೀಂ ಪೆಟ್ಟಿಗೆ, ಹಿಟ್ಟಿನ ಗಿರಣಿ ಇರುವವರಿಗೆ ಲೆಕ್ಕ ಹೊಂದಬಹುದು. ಆದಾಯ ತೆರಿಗೆಯಲ್ಲಿ ಸೋಲಾರ್‌ಗೆ ಶೇ 40 ಸವಕಳಿ ಉಂಟು, ಅದನ್ನು ಆಡಿಟರ್ ಹತ್ತಿರ ಕೇಳಬೇಕು. 1 ಕಿಲೋವ್ಯಾಟ್‌ಗೆ ದಿನಕ್ಕೆ ಸರಾಸರಿ 4 ಯುನಿಟ್ ಅಂತ ಮಾರುವವರು ಹೇಳ್ತಾರೆ, ಅದು ವರ್ಷದ ಸರಾಸರಿ. ಜೂನ್, ಜುಲೈನಲ್ಲಿ ಅಷ್ಟು ಸಿಗುವುದಿಲ್ಲ.

ಒಂದು ತೊಡಕು ಮಾತ್ರ ಯಾರೂ ಮೊದಲು ಹೇಳುವುದಿಲ್ಲ. ಎಷ್ಟೋ ಅಂಗಡಿಗಳು ಬಾಡಿಗೆಯವು, ಮಾಡು ಮಾಲಕರದ್ದು, ಆರ್‌ಆರ್ ನಂಬರೂ ಎಷ್ಟೋ ಸಲ ಅವರ ಹೆಸರಲ್ಲೇ ಇರ್ತದೆ. ನೆಟ್ ಮೀಟರ್ ಕೂರುವುದು ಆ ನಂಬರಿಗೆ. ಪ್ಯಾನೆಲ್ಲಿನ ಬಾಳಿಕೆ 25 ವರ್ಷ, ಬಾಡಿಗೆ ಕರಾರು ಹೆಚ್ಚಾಗಿ 11 ತಿಂಗಳದ್ದು. ಅಂಗಡಿ ಬಿಡುವಾಗ ಪ್ಯಾನೆಲ್ ಯಾರದ್ದು ಅನ್ನೋದು ಅಡ್ವಾನ್ಸ್ ಕೊಡುವ ಮೊದಲೇ ಕರಾರಿನಲ್ಲಿ ಬರೆದಿರಬೇಕು.